ಜಯಶೀಲಾ ಮೇಡಂ ಅಂಕ ಕೊಟ್ಟ ಕಥೆ

ಹೊಸದುರ್ಗದ ಜೂನಿಯರ್ ಕಾಲೇಜಿನ ಕನ್ನಡ ಲೆಕ್ಚರರ್ ಜಯಶೀಲಾ ಅವರಿಗೆ ಒಂದು ಕಾಲದಲ್ಲಿ ಕಥೆ ಎಂದರೆ ಪ್ರಾಣ. ಮತ್ತೋಡಿನಲ್ಲಿ ಹುಡುಗಿಯಾಗಿದ್ದಾಗ ಒಲೆ ಮೇಲಿನ ಹಾಲು ಉಕ್ಕಿ ಹರಿದರೂ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ ಎಂದು ಅವರ ತಾಯಿ ಕಾಳಕ್ಕ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಈಗ ಐವತ್ತೆಂಟು ದಾಟಿತ್ತು, ನಿವೃತ್ತಿ ಹತ್ತಿರ ಬಂದಿತ್ತು. ಕಥೆ ಎಂದರೆ ಮೊದಲು ನೆನಪಾಗುತ್ತಿದ್ದದ್ದು ಕತ್ತು ನೋವು.

ಅದಕ್ಕೆ ಕಾರಣ ಇಲ್ಲದಿರಲಿಲ್ಲ. ನೌಕರಿಗೆ ಸೇರಿದ ದಿನದಿಂದ ಪ್ರತಿ ಬೇಸಿಗೆ ಮೌಲ್ಯಮಾಪನ. ರಾಶಿ ರಾಶಿ ಉತ್ತರ ಪತ್ರಿಕೆ, ಸೆಖೆ, ತಿರುಗದ ಫ್ಯಾನು, ಪಕ್ಕದ ಟೇಬಲ್ಲಿನವರ ಗೊಣಗಾಟ. ಒಂದೇ ಪದ್ಯದ ಭಾವಾರ್ಥವನ್ನು ಒಂದೇ ಗೈಡಿನಿಂದ ಕಲಿತು ಬರೆದ ನೂರಾರು ಮಕ್ಕಳ ನೂರಾರು ಕೈಬರಹ. ಓದುವುದು, ಅಂಕ ಕೊಡುವುದು, ಪಕ್ಕಕ್ಕೆ ಇಡುವುದು. ಹೀಗೆ ವರ್ಷಗಟ್ಟಲೆ ಮಾಡಿದ ಮೇಲೆ ಅವರ ಕಣ್ಣಿಗೆ ಒಂದು ಚಟ ಅಂಟಿಕೊಂಡಿತ್ತು. ಮದುವೆ ಪತ್ರಿಕೆ ಓದಿದರೂ ಮೊದಲು ಕಾಣುತ್ತಿದ್ದದ್ದು ಅಕಾರ ಹಕಾರದ ತಪ್ಪು. ಒಳ್ಳೆಯ ಕಾದಂಬರಿ ಹಿಡಿದರೂ ಒಳಗಿನಿಂದ ಯಾರೋ ‘ಪಾತ್ರ ಚಿತ್ರಣ ಪರವಾಗಿಲ್ಲ, ಮುಕ್ತಾಯ ಸಪ್ಪೆ’ ಎಂದು ಪಿಸುಗುಟ್ಟುತ್ತಿದ್ದರು. ಓದಿದ್ದು ಎದೆಗೆ ಇಳಿಯುವ ಮೊದಲೇ ತಕ್ಕಡಿಗೆ ಬೀಳುತ್ತಿತ್ತು.

ಇದು ಸಾಲದು ಎಂಬಂತೆ ಚಿತ್ರದುರ್ಗದ ಸಾಹಿತ್ಯ ಬಳಗವೊಂದು ಪ್ರತಿ ವರ್ಷ ನಡೆಸುತ್ತಿದ್ದ ಕಥಾಸ್ಪರ್ಧೆಗೆ ಅವರೂ ಒಬ್ಬ ತೀರ್ಪುಗಾರರು. ಬಳಗದ ಕಾರ್ಯದರ್ಶಿ ರಂಗಪ್ಪನವರು ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವರು, ಮಾತಿನಲ್ಲಿ ಬೆಣ್ಣೆ. ಪ್ರತಿ ಸಲ ಫೋನ್ ಮಾಡಿ, “ಈ ಒಂದು ವರ್ಷ ನೋಡಿಕೊಡ್ರಿ ಮೇಡಂ, ನಿಮ್ಮಷ್ಟು ಓದೋರು ನಮ್ಮ ಜಿಲ್ಲೇಲಿ ಯಾರವ್ರೆ?” ಎನ್ನುತ್ತಿದ್ದರು. ಜಯಶೀಲಾ ಇಲ್ಲ ಎನ್ನಲು ಬಾಯಿ ತೆರೆದು ಆಗಲಿ ಎಂದು ಮುಚ್ಚುತ್ತಿದ್ದರು. ಮಾರನೆಯ ದಿನ ಬಸ್ಸಿನ ಡ್ರೈವರ್ ಕೈಯಲ್ಲಿ ಕಥೆಗಳ ಕಟ್ಟು ಬರುತ್ತಿತ್ತು.

ಆ ವರ್ಷದ ಕಟ್ಟೂ ಹಾಗೇ ಬಂತು. ಕಥೆಗಳ ಮೇಲೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ. ಜಯಶೀಲಾ ಭಾನುವಾರ ಬೆಳಿಗ್ಗೆ ಹಜಾರದಲ್ಲಿ ಚಾಪೆ ಹಾಸಿಕೊಂಡು ಗೋಡೆಗೆ ಒರಗಿ ಕುಳಿತರು. ಮೊದಲ ಕಥೆಯಲ್ಲಿ ಒಬ್ಬ ಮುದುಕಿ ಸತ್ತಳು. ಎರಡನೆಯದರಲ್ಲೂ ಸತ್ತಳು. ಮುಂದಿನದರಲ್ಲಿ ಒಂದು ಮರ ಕಡಿದರು, ಅದರ ಜೊತೆ ಮುದುಕನ ಉಸಿರೂ ನಿಂತಿತು. ಬರೆದವರು ದಡ್ಡರಲ್ಲ. ಹಿಂದಿನ ವರ್ಷಗಳ ಬಹುಮಾನಿತ ಕಥೆಗಳನ್ನು ಓದಿದ್ದಾರೆ, ತೀರ್ಪುಗಾರರಿಗೆ ಏನು ರುಚಿಸುತ್ತದೆ ಎಂಬುದನ್ನು ಹಿಡಿದಿದ್ದಾರೆ, ಅದನ್ನೇ ಅಡುಗೆ ಮಾಡಿ ಬಡಿಸಿದ್ದಾರೆ. ಅಂದರೆ ಈ ಅಡುಗೆಯಲ್ಲಿ ತನ್ನ ಕೈಯೂ ಇದೆ ಎಂದುಕೊಂಡಾಗ ಅವರಿಗೆ ಇನ್ನಷ್ಟು ಆಯಾಸವಾಯಿತು. ಹೋಗಿ ಕಾಫಿ ಮಾಡಿಕೊಂಡು ಬಂದರು.

ಕಾಫಿ ಕುಡಿಯುತ್ತ ಎತ್ತಿಕೊಂಡದ್ದು ಗೆರೆ ಹಾಳೆಯ ಮೇಲೆ ಕೈಯಲ್ಲಿ ಬರೆದ ಕಥೆ. ಹೆಸರು ‘ಮುಂದೆ ಹೋಗವ್ನೆ’. ಒಬ್ಬ ಹೆಂಗಸು ‘ನಾನು’ ಎಂದೇ ಹೇಳಿಕೊಳ್ಳುವ ಕಥೆ. ಗಂಡ ಹೆಂಡತಿ ಕುರಿ ಮಂದೆ ಹೊಡೆದುಕೊಂಡು ಮೇವಿಗಾಗಿ ದೂರದ ಊರಿನ ಬಯಲಿಗೆ ಹೋಗಿರುತ್ತಾರೆ. ಅಲ್ಲಿ ಗಂಡ ಹಾವು ಕಚ್ಚಿ ಸಾಯುತ್ತಾನೆ. ಸುದ್ದಿ ತಿಳಿದು ಮೈದುನ ಟೆಂಪೊ ಮಾಡಿಕೊಂಡು ಬರುತ್ತಾನೆ. ಹೆಣ ಊರಿಗೆ ಹೋಗಬೇಕು, ಕುರಿಗಳೂ ಹೋಗಬೇಕು. ಮೈದುನನ ಕೂಗಿಗೆ ಕುರಿ ಹೆಜ್ಜೆ ಎತ್ತುವುದಿಲ್ಲ. ಅವು ಬಲ್ಲದ್ದು ಸತ್ತವನ ದನಿ, ಅದು ಬಿಟ್ಟರೆ ಇವಳ ದನಿ. “ನೀನು ಹೆಣ ತಗಂಡು ಹೋಗು, ನಾನು ಕುರಿ ತರ್ತೀನಿ” ಎನ್ನುತ್ತಾಳೆ ಇವಳು. ಟೆಂಪೊ ಹೋಗುತ್ತದೆ. ಇವಳು ಕೋಲು ಹಿಡಿದು ನಡೆಯುತ್ತಾಳೆ. ದಾರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ: “ಯಾಕಮ್ಮ, ಒಬ್ಬಳೇ ಅದೀಯ? ಯಜಮಾನ ಎಲ್ಲಿ?” ಒಂಟಿ ಹೆಂಗಸು ಎಂದು ತಿಳಿದರೆ ಕುರಿ ಉಳಿಯುವುದಿಲ್ಲ, ತಾನೂ ಉಳಿಯುವುದಿಲ್ಲ. ಅದಕ್ಕೆ ಅವಳು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಾಳೆ: “ಮುಂದೆ ಹೋಗವ್ನೆ.” ಹೇಳಿ ಹೇಳಿ ಅವಳಿಗೇ ಅದು ನಿಜ ಅನ್ನಿಸತೊಡಗುತ್ತದೆ. ಅವನು ಮುಂದಿನ ತಿರುವಿನಲ್ಲಿ ಬೀಡಿ ಸೇದುತ್ತ ಕುಳಿತಿರಬಹುದು ಎಂದು ಬೇಗ ಬೇಗ ಹೆಜ್ಜೆ ಹಾಕುತ್ತಾಳೆ. ಊರು ತಲುಪುವ ಹೊತ್ತಿಗೆ ಮಣ್ಣು ಮಾಡಿ ಆಗಿರುತ್ತದೆ. ಕುರಿಗಳನ್ನು ಹಟ್ಟಿಗೆ ಕೂಡಿ ಬಾಗಿಲಲ್ಲಿ ನಿಂತ ಸೊಸೆಯನ್ನು ಕಂಡು ಅತ್ತೆ ಗೋಳೋ ಎಂದು ಅಳುತ್ತಾಳೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ಓದಿ ಮುಗಿಸಿದಾಗ ಕಾಫಿ ಆರಿ ಕೆನೆ ಕಟ್ಟಿತ್ತು. ಜಯಶೀಲಾ ಅವರ ಕಣ್ಣು ತುಂಬಿತ್ತು. ಒಳಗಿನ ಪಿಸುಮಾತು ಎಲ್ಲೋ ಹೋಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಅದು ಮರಳಿ ಬಂತು. ಕಾಗುಣಿತ ತಪ್ಪುಗಳು ಕಂಡವು. ನಡುವೆ ಕುರಿಗಳಿಗೆ ಕಾಲುಬಾಯಿ ಜ್ವರ ಬಂದದ್ದು, ಔಷಧಿ ಸಿಗದೆ ಅಲೆದದ್ದು ಪುಟಗಟ್ಟಲೆ ಎಳೆದಿದ್ದದ್ದೂ ಕಂಡಿತು. ಅಂಕ ಬರೆಯಲು ಹೋಗಿ ಕೈ ತಡೆಯಿತು. ಗಂಡನ ಸಾವಿಗೆ ಯಾರಾದರೂ ಅಂಕ ಕೊಡುತ್ತಾರೆಯೇ?

ಪೇಟೆಯಿಂದ ತರಕಾರಿ ತಂದ ಅವರ ಯಜಮಾನರು ರವೀಂದ್ರ, ಹೆಂಡತಿಯ ಮುಖ ನೋಡಿ, “ಏನಾತೆ?” ಎಂದರು.

“ಯಾರೋ ಪಾಪದ ಹೆಣ್ಣುಮಗಳು ತನ್ನ ಬದುಕನ್ನೇ ಬರೆದು ಕಳ್ಸವ್ಳೆ ಕಣ್ರಿ,” ಎಂದರು ಜಯಶೀಲಾ.

ಮುಂದಿನ ಭಾನುವಾರ ತೀರ್ಮಾನದ ಸಭೆ. ಚಿತ್ರದುರ್ಗದ ರಂಗಪ್ಪನವರ ಪ್ರೆಸ್ಸಿನ ಮಹಡಿಯ ಮೇಲೆ, ಕಾಗದದ ರೀಮುಗಳ ನಡುವೆ ಮೂರು ಕುರ್ಚಿ. ಇನ್ನೊಬ್ಬ ತೀರ್ಪುಗಾರ ಕಿರಣ್‌ಕುಮಾರ್. ಡಿಗ್ರಿ ಕಾಲೇಜಿನ ಮೇಷ್ಟ್ರು, ಪತ್ರಿಕೆಗಳಿಗೆ ವಿಮರ್ಶೆ ಬರೆಯುವವನು. ವಯಸ್ಸು ಚಿಕ್ಕದು, ಓದು ದೊಡ್ಡದು, ಜಯಶೀಲಾ ಅವರ ಮೇಲೆ ಗೌರವವೂ ಇದ್ದವನು. ಆದರೆ ಸಾಹಿತ್ಯದ ಮಾತು ಬಂದರೆ ಯಾರಿಗೂ ಬಗ್ಗುವವನಲ್ಲ. ಅವನು ಮೊದಲ ಬಹುಮಾನಕ್ಕೆ ಆರಿಸಿದ್ದು ಮರ ಕಡಿದ ಕಥೆ.

“ಕಥೆಯ ಕಟ್ಟೋಣ ನೋಡ್ರಿ ಮೇಡಂ,” ಎಂದ. “ಒಂದು ಮಾತು ಹೆಚ್ಚಿಲ್ಲ, ಕಮ್ಮಿ ಇಲ್ಲ.”

“ಅದೇ ಕಷ್ಟ,” ಎಂದರು ಜಯಶೀಲಾ. “ಅಳತೆ ತಗೊಂಡು ಹೊಲಿದಂಗೈತೆ. ಅದ್ರಲ್ಲಿ ಯಾರೂ ಉಸಿರಾಡಲ್ಲ. ನೀವು ಆ ಕುರಿಯವಳ ಕಥೆ ಓದಿದ್ರಾ?”

“ಓದಿದೆ. ಅನುಭವ ಐತೆ, ಒಪ್ತೀನಿ. ಆದ್ರೆ ಅದು ಕಥೆ ಅಲ್ಲ ಮೇಡಂ, ವರದಿ. ತನಗಾದದ್ದನ್ನ ಹಾಗಾಗೇ ಇಳಿಸವ್ಳೆ. ಕಲ್ಪನೆ ಎಲ್ಲೈತೆ? ಬರೀ ಅನುಭವಕ್ಕೇ ಬಹುಮಾನ ಕೊಡೋದಾದ್ರೆ ಪೊಲೀಸ್ ಸ್ಟೇಶನ್ನಿನಲ್ಲಿರೋ ದೂರುಗಳಿಗೆಲ್ಲ ಕೊಡಬೇಕಾಗ್ತದೆ.”

ಜಯಶೀಲಾ ಅವರಿಗೆ ಸಿಟ್ಟು ಬಂತು. ಬಹಳ ದಿನದ ಮೇಲೆ ಒಂದು ಕಥೆಯ ಸಲುವಾಗಿ ಬಂದ ಸಿಟ್ಟು ಅದು. “ಕಲ್ಪನೆ ಮಾಡಿ ಇದನ್ನ ಬರೆಯೋಕಾಗಲ್ಲ ಕಿರಣ್. ‘ಮುಂದೆ ಹೋಗವ್ನೆ’ ಅನ್ನೋ ಮಾತು ಇದ್ಯಲ್ಲ, ಅದು ಕಟ್ಟಿದ್ದಲ್ಲ. ಗಂಡನ್ನ ಕಳ್ಕೊಂಡು ಆ ದಾರಿ ನಡೆದೋಳ ಬಾಯಲ್ಲಿ ಮಾತ್ರ ಬರೋದು. ಇದಕ್ಕಿರೋ ಬೆಲೆಯೇ ಅದು.”

“ಹೆಣದ ಜೊತೆ ಹೆಂಡ್ತೀನ ಕಳಿಸದೆ ಕುರಿ ಹಿಂದೆ ಕಳಿಸ್ತಾರಾ ಯಾರಾದ್ರೂ?”

“ನಡೆದಿದ್ದನ್ನೇ ನಡೆಯೋದಿಲ್ಲ ಅಂತೀರಲ್ಲಪ್ಪ!”

ರಂಗಪ್ಪನವರು ನಡುವೆ ಬಾಯಿ ಹಾಕಿದರು. ಅವರ ಚಿಂತೆ ಬೇರೆ. ಸಮಾರಂಭಕ್ಕೆ ಹಾಲ್ ಹೇಳಿಯಾಗಿದೆ, ಸಂಕಲನ ಮುದ್ರಣಕ್ಕೆ ಹೋಗಬೇಕು. “ಇಬ್ರದ್ದೂ ಸರಿ ಐತೆ. ಮೊದಲ್ನೇದು ಮರದ ಕಥೆಗೆ ಹೋಗ್ಲಿ. ಕುರಿ ಕಥೆಗೆ ಮೆಚ್ಚುಗೆ ಬಹುಮಾನ ಕೊಡಾಣ, ಪುಸ್ತಕದಾಗೂ ಹಾಕಾಣ. ಏನಂತೀರಿ ಮೇಡಂ?”

ಇನ್ನೂ ಹೇಳಲು ಮಾತಿತ್ತು. ಆದರೆ ಮಧ್ಯಾಹ್ನದ ಬಿಸಿಲಿಗೆ ಕಾಯ್ದ ಆ ಮಹಡಿಯಲ್ಲಿ, ಮಸಿಯ ವಾಸನೆಯಲ್ಲಿ ಜಯಶೀಲಾ ಅವರ ಕತ್ತು ಸಿಡಿಯುತ್ತಿತ್ತು. ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು. “ಆಗ್ಲಿ ಬಿಡ್ರಿ,” ಎಂದುಬಿಟ್ಟರು. ಎದ್ದು ಹೊರಡುವಾಗ ರಂಗಪ್ಪನವರು ಹೆಸರಿನ ಲಕೋಟೆ ಒಡೆದರು. ಮರದ ಕಥೆ ಹಿಂದೆಯೂ ಎರಡು ಸಲ ಗೆದ್ದಿದ್ದ ಅದೇ ಲೇಖಕನದು. ಕುರಿಯ ಕಥೆ ಹಿರಿಯೂರು ತಾಲ್ಲೂಕು ಯಲ್ಲದಕೆರೆಯ ಉಷಾರಾಣಿ ಎಂಬವಳದು.

ಸಮಾರಂಭಕ್ಕೆ ಉಷಾರಾಣಿ ಬರಲಿಲ್ಲ. ಕುರಿ ಮರಿ ಹಾಕುವ ಕಾಲ, ಬಿಟ್ಟು ಬರಲಾಗುವುದಿಲ್ಲ ಎಂದು ಫೋನಿನಲ್ಲಿ ಹೇಳಿದ್ದಳಂತೆ. ಜಯಶೀಲಾ, ಗಂಡ ಸತ್ತ ಮೇಲೂ ಅದೇ ಕುರಿಗಳನ್ನು ಒಬ್ಬಳೇ ಸಾಕುತ್ತಿದ್ದಾಳೆ ಎಂದುಕೊಂಡರು. ಅವಳ ಪ್ರಮಾಣಪತ್ರ, ಶಾಲು, ಪುಸ್ತಕಗಳನ್ನು ತಾವೇ ತಲುಪಿಸುವುದಾಗಿ ಇಸಿದುಕೊಂಡರು. ಮೊದಲ ಬಹುಮಾನ ಕೊಡಿಸಲಾಗದ ಕೊರಗು ಒಂದಾದರೆ, ಆ ಹೆಂಗಸಿನ ಎದುರು ಒಂದು ಗಳಿಗೆ ಕುಳಿತು ನಾಲ್ಕು ಸಮಾಧಾನದ ಮಾತು ಹೇಳಬೇಕೆಂಬ ಆಸೆ ಇನ್ನೊಂದು.

ರಜೆಯ ದಿನ ನೋಡಿಕೊಂಡು ಹಿರಿಯೂರಿಗೆ ಹೋಗಿ ಬಸ್ ಬದಲಿಸಿದರು. ಯಲ್ಲದಕೆರೆಯಲ್ಲಿ ಇಳಿದು, ಕುರಿ ಸಾಕಿರುವ ಉಷಾರಾಣಿಯ ಮನೆ ಎಂದು ಕೇಳಿದಾಗ ಅಂಗಡಿಯವನು, “ಕಥೆ ಬರ್ದೋರ ಮನೆನಾ?” ಎಂದು ಅರ್ಧ ನಗುತ್ತ ದಾರಿ ತೋರಿಸಿದ. ಆ ನಗು ಯಾಕೆಂದು ಆಗ ಅರ್ಥವಾಗಲಿಲ್ಲ.

ಶೀಟಿನ ಮನೆ, ಪಕ್ಕದಲ್ಲಿ ಮುಳ್ಳು ಬೇಲಿಯ ಹಟ್ಟಿ. ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಮರಿಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಜಯಶೀಲಾ ತಮ್ಮ ಹೆಸರು ಹೇಳಿದ ಕೂಡಲೆ ಮರಿಯನ್ನು ಕೆಳಗಿಟ್ಟು ಎದ್ದಳು. “ಅಯ್ಯೋ, ನೀವಾ ಮೇಡಂ! ಬರ್ರಿ, ಕುಂತ್ಕಳ್ರಿ. ರೀ, ಒಂಚೂರು ನೀರು ತರ್ರಿ!”

ಒಳಗಿನಿಂದ ಗಟ್ಟಿಮುಟ್ಟಾದ ಗಂಡಸೊಬ್ಬ ಚೊಂಬು ಹಿಡಿದು ಬಂದ. ಕೊಟ್ಟು, ಕೈಮುಗಿದು ನಿಂತ.

“ಇವ್ರು ನಮ್ಮ ಯಜಮಾನ್ರು ಮೇಡಂ, ದುರ್ಗೇಶ್ ಅಂತ,” ಎಂದಳು ಉಷಾರಾಣಿ.

ಜಯಶೀಲಾ ಚೊಂಬು ಹಿಡಿದುಕೊಂಡೇ ಕುಳಿತರು. ಎರಡನೇ ಮದುವೆಯೋ ಏನೋ ಎಂದು ಒಂದು ಕ್ಷಣ ಯೋಚನೆ ಬಂತು. ಕೇಳುವುದು ಹೇಗೆ? ಆ ಕಷ್ಟ ಬರಲಿಲ್ಲ. ಕಟ್ಟೆಯ ಮೇಲೆ ಕುಳಿತು ಕಂಬಳಿ ನೂಲು ಬಿಡಿಸುತ್ತಿದ್ದ ಮುದುಕಿ, ಉಷಾರಾಣಿಯ ಅತ್ತೆ ಶಾಂತಕ್ಕ, ಕಾದಿದ್ದವಳಂತೆ ಮಾತು ತೆಗೆದಳು.

“ನೀವೇನಾ ಆ ಪುಸ್ತಕ ಮಾಡ್ದೋರು? ಕಲ್ಲುಗುಂಡಿನಂಗಿರೋ ನನ್ ಮಗನ್ನ ಸಾಯಿಸಿ ಬರ್ದವ್ಳೆ ಇವ್ಳು, ನೀವು ಅದ್ನ ಅಚ್ಚು ಹಾಕ್ಸಿ ಊರೂರಿಗೆ ಹಂಚೀರಿ. ಇವ್ಳ ತೌರಿಂದ ನಮ್ಮ ಬೀಗ್ರು ಫೋನ್ ಮಾಡಿ ಅಳಾಕೆ ಹತ್ತಿದ್ರು. ಇದ್ದೋನ್ನ ಸಾಯಿಸೋದು ಯಾವ ನ್ಯಾಯನಮ್ಮ?”

ದುರ್ಗೇಶ ನಾಚಿ ನಗುತ್ತಿದ್ದ. “ಊರಾಗೆ ನಂಗೆ ‘ಮುಂದೆ ಹೋದೋನು’ ಅಂತಾನೇ ಹೆಸ್ರಾಗೈತೆ ಮೇಡಂ,” ಎಂದ.

ಜಯಶೀಲಾ ಅವರಿಗೆ ನಗು ಬರಲಿಲ್ಲ. ಉಷಾರಾಣಿಯ ಕಡೆ ತಿರುಗಿದರು. “ಹಾಗಾದ್ರೆ ನಿಮ್ಮ ತಾಯಿಗೆ ಆಗಿದ್ದಾ? ಇಲ್ಲ ನಿಮಗೆ ಗೊತ್ತಿದ್ದೋರು ಯಾರಿಗಾದ್ರೂ?”

“ಯಾರ್ಗೂ ಇಲ್ಲ ಮೇಡಂ. ಒಂದ್ಸಲ ಹಿರಿಯೂರಿಂದ ಬಸ್ಸಿನಾಗೆ ಬರ್ತಿದ್ದೆ. ಒಬ್ಬಾಕೆ ಒಂಟಿಯಾಗಿ ಮಂದೆ ಹೊಡ್ಕಂಡು ಹೋಗ್ತಿದ್ಲು. ಇವಳ ಗಂಡ ಎಲ್ಲಿರಬೌದು ಅನ್ನಿಸ್ತು. ಬಸ್ಸು ಮುಂದೆ ಬಂತು, ಆಕೆ ಹಿಂದುಳುದ್ಲು. ನಂಗೆ ಮನೆಗೆ ಬಂದ್ರೂ ಅದೇ. ಅವನಿಗೇನಾತು, ಇವಳೇನಂದ್ಲು, ಯಾರು ಏನು ಕೇಳಿದ್ರು, ಹಿಂಗೇ ಕುರಿ ಮೇಯಿಸ್ತಾ ಕಟ್ಕಂಡು ಹೋದೆ. ಬರೀಬೇಕಾದ್ರೆ ನಂಗೇ ಅಳು ಬಂತು.”

“ಹಾಗಾದ್ರೆ ಪೂರ್ತಿ ಸುಳ್ಳು?” ಆ ಮಾತಿನಲ್ಲಿದ್ದ ಮುನಿಸು ಜಯಶೀಲಾ ಅವರ ಕಿವಿಗೇ ಬಿತ್ತು.

ಉಷಾರಾಣಿ ಗಾಬರಿಯಾದಳು. “ಕಥೆ ಸ್ಪರ್ಧೆ ಅಂತಲ್ವಾ ಪೇಪರ್‌ನಾಗೆ ಹಾಕಿದ್ದು? ನಿಜ ಬರೀಬೇಕಿತ್ತಾ ಮೇಡಂ?”

ಜಯಶೀಲಾ ಶಾಲು ಹೊದಿಸಿದರು, ಪ್ರಮಾಣಪತ್ರ ಕೊಟ್ಟರು. ಉಷಾರಾಣಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಓದಿ, ಮೆಲ್ಲಗೆ, “ಮೊದಲ್ನೇದು ಯಾಕೆ ಬರ್ಲಿಲ್ಲ?” ಎಂದು ಕೇಳಿದಳು. ಸಂಕೋಚದ ಕೆಳಗೆ ಕಣ್ಣಿನಲ್ಲಿ ಹಟ ಹೊಳೆಯುತ್ತಿತ್ತು. ಇವಳು ತನ್ನ ನೋವು ತೋಡಿಕೊಳ್ಳಲು ಬರೆದವಳಲ್ಲ, ಗೆಲ್ಲಲು ಬರೆದವಳು ಎಂದು ಜಯಶೀಲಾ ಅವರಿಗೆ ಆಗ ತಿಳಿಯಿತು.

“ನಡುವೆ ಕುರಿ ಕಾಯಿಲೆ ಭಾಗ ಉದ್ದ ಆತು. ಅಲ್ಲಿ ಕಥೆ ಕೂತುಬಿಡ್ತದೆ,” ಎಂದರು.

“ಅಯ್ಯೋ, ಅದ್ರಾಗೆ ನಿಜ ಇರೋದು ಅದೊಂದೇ ಮೇಡಂ!” ಎಂದಳು ಉಷಾರಾಣಿ. “ಆ ವರ್ಷ ನಮ್ಮ ಕುರಿಗೆ ಜ್ವರ ಬಂದಿದ್ದು ನಿಜ. ಒಂದೂ ಸುಳ್ಳಿಲ್ಲದಂಗೆ ಬರ್ದೀನಿ.”

ಮಜ್ಜಿಗೆ ಕುಡಿದು, ಕೊಟ್ಟ ಹುರಿದ ಕಡಲೆಕಾಯಿ ಚೀಲಕ್ಕೆ ಹಾಕಿಕೊಂಡು ಹೊರಟರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ಮೇಲೆ ಮೋಸ ಹೋದ ಭಾವನೆ ಬಲವಾಗಿ ಹಿಡಿಯಿತು. ಆ ಹೆಂಗಸಿಗಾಗಿ ಅತ್ತಿದ್ದೆ, ಜಗಳವಾಡಿದ್ದೆ. ಅವಳೇ ಇಲ್ಲ. ಆದರೆ ದಾರಿ ಸಾಗಿದಂತೆ ಇನ್ನೊಂದು ಯೋಚನೆ ತಲೆ ಹಾಕಿತು. ತಮಗೆ ಸಂಕಟವಾಗಬೇಕಾದದ್ದು ಯಾವುದಕ್ಕೆ? ಒಂದು ಹೆಣ್ಣು ವಿಧವೆಯಾಗಿಲ್ಲ ಎಂದು ತಿಳಿದು ಸಂತೋಷವಾಗಬೇಕಲ್ಲವೇ? ಅವಳ ಗಂಡ ಬದುಕಿ ನೀರು ತಂದುಕೊಟ್ಟದ್ದಕ್ಕೆ ಬೇಜಾರಾಗುವುದೆಂದರೆ ಇದೆಂಥ ಓದು? ಮೂವತ್ತು ವರ್ಷ ಮಕ್ಕಳಿಗೆ ಕಥೆ ಕಲಿಸಿದವಳು ತಾನು. ಕಥೆ ಎಂದರೆ ಕಟ್ಟಿದ್ದು ಎಂಬಷ್ಟು ಸಣ್ಣ ವಿಷಯ ಇಷ್ಟು ಸುಲಭವಾಗಿ ಮರೆತುಹೋಯಿತೇ?

ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ ಹೊಸದುರ್ಗದ ಬಸ್ಸಿಗೆ ಕಾಯುತ್ತ ಕಿರಣ್‌ಕುಮಾರನಿಗೆ ಫೋನ್ ಮಾಡಿದರು. ನಡೆದದ್ದನ್ನು ಹೇಳಿದರು.

“ಪೂರ್ತಿ ಕಟ್ಟಿದ್ದಾ ಮೇಡಂ?” ಎಂದ ಅವನು. “ಹಂಗಿದ್ರೆ ಭಾಳ ದೊಡ್ಡ ಪ್ರತಿಭೆ. ಮೊದಲೇ ಗೊತ್ತಿದ್ರೆ ನಾನೇ ಮೊದಲ್ನೇ ಬಹುಮಾನ ಕೊಡ್ತಿದ್ದೆ.”

“ಮೊದಲೇ ಗೊತ್ತಿದ್ರೆ ನಾನು ಕೊಡ್ತಿರಲಿಲ್ಲವೇನೋ,” ಎಂದರು ಜಯಶೀಲಾ. “ಆದ್ರೆ ಕಥೆ ಅದೇ ಐತಲ್ಲಪ್ಪ. ಒಂದಕ್ಷರಾನೂ ಬದಲಾಗಿಲ್ಲ.”

“ಹೂಂ, ಅದೇ ಐತೆ,” ಎಂದ ಕಿರಣ್.

“ಬಸ್ ಬಂತು,” ಎಂದು ಜಯಶೀಲಾ ಫೋನ್ ಇಟ್ಟರು. ಬಸ್ಸೇನೂ ಬಂದಿರಲಿಲ್ಲ.

ಮರುವರ್ಷ ರಂಗಪ್ಪನವರ ಫೋನ್ ಬಂದಾಗ ಅವರು ಮೊದಲ ಸಲ ಇಲ್ಲ ಎಂದರು. “ಕಣ್ಣಿಗೆ ತೊಂದರೆನಾ ಮೇಡಂ?” ಎಂದು ಕೇಳಿದ್ದಕ್ಕೆ, “ಹೂಂ ರಂಗಪ್ಪ, ಕಣ್ಣಿಗೇ,” ಎಂದರು. ಹೊಳಲ್ಕೆರೆಯ ನಿವೃತ್ತ ಅಧಿಕಾರಿಯೊಬ್ಬರು ಅವರ ಜಾಗಕ್ಕೆ ಬಂದರು.

ನಿವೃತ್ತಿಯಾಯಿತು. ಅದಾದ ಸ್ವಲ್ಪ ದಿನಕ್ಕೆ ಉಷಾರಾಣಿ ಇನ್ನೊಂದು ಕಥೆ ಬರೆದು ಅಂಚೆಯಲ್ಲಿ ಕಳಿಸಿದಳು. ಅತ್ತೆಯ ಬೈಗುಳಕ್ಕೋ, ಮೇಡಂ ಮುನಿಸಿಗೋ ಹೆದರಿ ಈ ಸಲ ಎಲ್ಲವೂ ನಡೆದದ್ದನ್ನೇ ಬರೆದಿದ್ದಳು. ತನ್ನ ಮದುವೆ, ಮೊದಲ ಹೆರಿಗೆ, ಕೊಳವೆಬಾವಿ. ಜಯಶೀಲಾ ಎರಡು ಸಲ ಓದಿದರು. ಒಂದು ಕಡೆಯೂ ಮನಸ್ಸು ಕಲಕಲಿಲ್ಲ. ಒಳ್ಳೆಯ ಮಾತು ಹೇಳಿ ಮುಗಿಸಬಹುದಿತ್ತು. ಆದರೆ ಅಷ್ಟು ಸುಳ್ಳಿಗೂ ಶಕ್ತಿ ಬೇಕು. “ಉಷಾ, ಇದು ನಂಗೆ ಹಿಡಿಸ್ಲಿಲ್ಲ ಕಣಮ್ಮ,” ಎಂದು ಫೋನಿನಲ್ಲಿ ಹೇಳಿಬಿಟ್ಟರು. “ನೀನು ನೋಡಿದ್ದಕ್ಕಿಂತ ನೋಡದೇ ಇದ್ದದ್ದನ್ನ ಚೆನ್ನಾಗಿ ಬರೀತೀಯ.”

“ನೋಡಾಣ ಮೇಡಂ,” ಎಂದಳು ಉಷಾರಾಣಿ. ದನಿ ಸಣ್ಣದಾಗಿತ್ತು. ಆಮೇಲೆ ಬಹಳ ದಿನ ಫೋನಿಲ್ಲ. ಸತ್ಯವಾಗಿ ಅಂದದ್ದೇ ತಪ್ಪಾಯಿತೇನೋ ಎಂದು ಜಯಶೀಲಾ ಆಗಾಗ ನೆನೆದು, ಹಾಗೇ ಬಿಡುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಉಷಾರಾಣಿ, ಅವಳ ಅತ್ತೆ ಇಬ್ಬರೂ ಹೊಸದುರ್ಗದ ಮನೆ ಬಾಗಿಲಿಗೆ ಬಂದರು. ಟಗರು ಮಾರಲು ಸಂತೆಗೆ ಬಂದಿದ್ದರಂತೆ. ದುರ್ಗೇಶ ಸಂತೆಯಲ್ಲಿದ್ದ. ಜಯಶೀಲಾ ಕಾಫಿ ಕೊಟ್ಟರು. ಹಿಂದೆ ಅಷ್ಟು ಬೈದಿದ್ದ ಶಾಂತಕ್ಕ ಅಂದು ಲೋಟ ಕೆಳಗಿಟ್ಟು ಏನನ್ನೋ ಕೇಳಲು ಹಿಂದುಮುಂದು ನೋಡುತ್ತಿದ್ದಳು.

“ಆವತ್ತು ಬೈದಾಗ ಆ ಕಥೆ ನಾನು ಕೇಳೇ ಇರ್ಲಿಲ್ಲ ಕಣಮ್ಮ, ಮಂದಿ ಅಂದಿದ್ದಷ್ಟೇ ಗೊತ್ತಿತ್ತು,” ಎಂದಳು ಕೊನೆಗೆ. “ಮೊನ್ನೆ ಮೊಮ್ಮಗಳ ಕೈಲಿ ಓದಿಸ್ದೆ. ನೀವಾದ್ರೂ ಹೇಳ್ರಿ. ಆ ಹೆಣ್ಮಗಳು ಕುರಿ ತಂದು ಹಟ್ಟಿಗೆ ಕೂಡಿದ್ಲು, ಸರಿ. ಆಮೇಲೆ? ಆ ಅತ್ತೆ ಅವಳನ್ನ ಮನೇಲಿ ಇಟ್ಕಂಡ್ಲಾ, ಇಲ್ಲ ತೌರಿಗೆ ಕಳಿಸಿದ್ಲಾ? ಇವಳ್ನ ಕೇಳಿದ್ರೆ ಗೊತ್ತಿಲ್ಲ ಅಂತಾಳೆ.”

“ಅದು ಅಲ್ಲಿಗೇ ಮುಗೀತು ಅತ್ತೆ,” ಎಂದಳು ಉಷಾರಾಣಿ ಬೇಸರದಿಂದ. “ಎಷ್ಟು ಸಲ ಹೇಳ್ಲಿ.”

“ಕಾಗದ ಮುಗೀತು. ಆಕೆ ಮುಗುದ್ಲಾ?” ಎಂದಳು ಶಾಂತಕ್ಕ. “ಗಂಡ ಇಲ್ದೋಳು, ಹಿಂಡು ಕುರಿ. ಆ ಮೈದುನ ಎಂಥೋನೋ ಏನೋ.”

ಜಯಶೀಲಾ ಆ ಕಥೆಯ ಬಗ್ಗೆ ಸಭೆಯಲ್ಲಿ ವಾದಿಸಿದ್ದರು, ಫೋನಿನಲ್ಲಿ ಚರ್ಚಿಸಿದ್ದರು, ನಿದ್ದೆ ಬಾರದೆ ಹೊರಳಿದ್ದರು. ಈ ಒಂದು ಪ್ರಶ್ನೆ ಅವರಿಗೆ ಒಮ್ಮೆಯೂ ಬಂದಿರಲಿಲ್ಲ. “ನಂಗೂ ಗೊತ್ತಿಲ್ಲ ಶಾಂತಕ್ಕ,” ಎಂದರು.

“ಇಟ್ಕಂಡಿರ್ತಾಳೆ ಬಿಡ್ರಿ,” ಎಂದಳು ಮುದುಕಿ ತನಗೆ ತಾನೇ ಹೇಳಿಕೊಳ್ಳುವವಳಂತೆ. “ಅಷ್ಟು ದೂರದಿಂದ ಒಂದು ಮರೀನೂ ಕಳೀದಂಗೆ ತಂದವಳ್ನ ಯಾರು ಕಳಿಸ್ತಾರೆ?”

ಉಷಾರಾಣಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ದುರ್ಗೇಶನ ಫೋನ್ ಬಂತು, ಟಗರು ಮಾರಾಟವಾಯಿತು, ಬಸ್ಸಿಗೆ ಹೊತ್ತಾಯಿತು ಎಂದು. ಇಬ್ಬರೂ ಅವಸರದಲ್ಲಿ ಎದ್ದರು. ಜಯಶೀಲಾ ಗೇಟಿನವರೆಗೂ ಬಂದು, ಅವರು ತಿರುವು ದಾಟುವ ತನಕ ನಿಂತಿದ್ದು, ಒಳಗೆ ಹೋಗಿ, ಆ ಮೈದುನ ಎಂಥವನಿರಬಹುದು ಎಂದುಕೊಳ್ಳುತ್ತ ಲೋಟ ತೊಳೆದಿಟ್ಟರು.